ಎಂಟೂವರೆಯ ಅಳತೆ

ನನ್ನ ಕನ್ನಡಕದ ಅಂಗಡಿಯ ಕೆಳಗಿನ ಡ್ರಾಯರಿನಲ್ಲಿ ಮಳೆ ಅಳೆಯುವ ಪ್ಲಾಸ್ಟಿಕ್ ಜಾಡಿಯೊಂದಿದೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದ, ಮೈಮೇಲೆ ಮಿಲಿಮೀಟರಿನ ಕೆಂಪು ಗೆರೆಗಳು. ಒಳಗೆ, ನಡುವಿಗಿಂತ ತುಸು ಕೆಳಗೆ, ಒಂದು ರೇಷ್ಮೆಗೂಡು. ಗೂಡಿನ ಸುತ್ತಲಿನ ಎಳೆಗಳು ಜಾಡಿಯ ಗೋಡೆಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆಯೆಂದರೆ, ಜಾಡಿ ಒಡೆಯದೆ ಅದನ್ನು ಬಿಡಿಸಲಾಗದು. ಅಲುಗಿಸಿದರೆ ಒಳಗೆ ಒಣಗಿದ ಹುಳ ಸಣ್ಣಗೆ ಸದ್ದು ಮಾಡುತ್ತದೆ. ಚಿಟ್ಟೆಯಾಗಿ ಹೊರಬಂದಿದ್ದರೆ ಗೂಡಿಗೆ ತೂತು ಬೀಳಬೇಕಿತ್ತು. ಬಿದ್ದಿಲ್ಲ.

ಈ ಸೋಮವಾರ ಲೆನ್ಸ್ ಒರೆಸುವ ಬಟ್ಟೆ ಹುಡುಕುವಾಗ ಇದು ಅಚಾನಕ್ಕಾಗಿ ಕೈಗೆ ಸಿಕ್ಕಿತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಅಚಾನಕ್ಕಾಗಿ ಏನೂ ಸಿಗಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಬೆಳಿಗ್ಗೆಯಿಂದ ಫೋನು ಕಿಣಿಕಿಣಿ ಎನ್ನುತ್ತಿತ್ತು, ನಾನೇ ಡ್ರಾಯರು ಎಳೆದೆ. ಪ್ರತಿ ಸಲ ಕುಸಿದಾಗಲೂ ಎಳೆಯುತ್ತೇನೆ.

ಫೋನು ಕಿಣಿಕಿಣಿ ಎಂದದ್ದು ನಮ್ಮ ಮಳೆ ಹುಚ್ಚರ ಗುಂಪಿನಿಂದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕಡೆಯವರು ಸೇರಿ ಮಾಡಿಕೊಂಡ ಗುಂಪು. ಯಾರಿಗೂ ಮಳೆಯಿಂದ ಆಗಬೇಕಾದದ್ದೇನೂ ಇಲ್ಲ. ಮಾಗಡಿಯವನು ಬೇಕರಿ ನಡೆಸುತ್ತಾನೆ. ಚನ್ನಪಟ್ಟಣದವನು ಬೊಂಬೆಗೆ ಅರಗು ಹಚ್ಚುವ ಕಾರ್ಖಾನೆಯಲ್ಲಿದ್ದಾನೆ. ಕನಕಪುರದವನು ಶಾಲೆಯ ವ್ಯಾನು ಓಡಿಸುತ್ತಾನೆ. ನಾನು ರಾಮನಗರದಲ್ಲಿ ಕನ್ನಡಕ ಮಾರುತ್ತೇನೆ. ಕೊಲ್ಲಿಯಲ್ಲಿ ಮೋಡ ಸುರುಳಿ ಸುತ್ತತೊಡಗಿದರೆ ಸಾಕು, ಯುರೋಪಿನ ಕಂಪ್ಯೂಟರು ಅದಕ್ಕೆ ಯಾವ ದಾರಿ ಹೇಳುತ್ತದೆ, ಅಮೆರಿಕದ್ದು ಯಾವ ದಾರಿ ಹೇಳುತ್ತದೆ ಎಂದು ನಕ್ಷೆಗಳನ್ನು ಹಾಕಿಕೊಂಡು ಕಚ್ಚಾಡುತ್ತೇವೆ. ಕ್ರಿಕೆಟ್ಟಿಗೆ ತಂಡ ಹಿಡಿಯುವ ಹಾಗೆ ನಮ್ಮಲ್ಲಿ ಯುರೋಪಿನವರು, ಅಮೆರಿಕದವರು ಎಂದು ಎರಡು ಪಂಗಡ. ಜೊತೆಗೆ ಒಂದು ವ್ರತ. ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನದವರು ದೇಶವೆಲ್ಲ ಅಳೆಯುವ ಹೊತ್ತಿಗೇ, ನಮ್ಮ ನಮ್ಮ ಜಾಡಿಯ ನೀರು ಅಳೆದು ಗುಂಪಿಗೆ ಹಾಕಬೇಕು. ಹತ್ತು ನಿಮಿಷ ತಡವಾದರೂ ಆ ಅಂಕಿಯನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸರಕಾರ ಕೇಳಿರಲಿಲ್ಲ, ಸಂಬಳವಿರಲಿಲ್ಲ. ಆದರೂ ಹಿಡಿಯುತ್ತಿರಲಿಲ್ಲ.

ಡ್ರಾಯರಿನ ಈ ಜಾಡಿ ಯಾರ ಮನೆಯ ತಾರಸಿಯ ಮೇಲಿತ್ತೋ ಆ ಅಕ್ಕ ಈ ಗುಂಪಿಗೆ ಸೇರಿದವರಲ್ಲ. ಕೈಲಾಂಚದ ಆಚೆ ಅವರ ಊರು. ಎರಡು ಹಸು, ಹಿಪ್ಪುನೇರಳೆ ತೋಟ, ಮನೆಯ ಅರ್ಧ ಭಾಗ ರೇಷ್ಮೆ ಹುಳಕ್ಕೆ, ಇನ್ನರ್ಧ ಗಂಡ ಹೆಂಡತಿಗೆ. ಮೊದಲ ಸಲ ಅಂಗಡಿಗೆ ಬಂದಾಗ ಅವರಿಗೆ ನಲವತ್ತೈದರ ಆಜುಬಾಜು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಆದರೂ ನನ್ನನ್ನು ಅಣ್ಣ ಎಂದರು. ಸೆರಗಿನಲ್ಲೊಂದು ಹಸಿ ಸೊಪ್ಪಿನ ವಾಸನೆಯಿತ್ತು... ಇತ್ತೇ? ರೇಷ್ಮೆ ಸಾಕುವವರ ಮೈಗೆಲ್ಲ ಆ ವಾಸನೆ ಇರುತ್ತದೆ, ಹಾಗಾಗಿ ನಂತರ ನಾನೇ ಸೇರಿಸಿಕೊಂಡೆನೋ ಏನೋ. ಅವರು ಆಡಿದ ಮಾತು ಮಾತ್ರ ಸರಿಯಾಗಿ ನೆನಪಿದೆ.

"ಹುಳ ಜ್ವರಕ್ಕೆ ಕೂತವೋ ಎದ್ದವೋ ಒಂದೂ ಕಾಣಾಕಿಲ್ಲ ಕಣಣ್ಣ. ನಮ್ಮ ಯಜಮಾನ್ರು ಕಣ್ಣು ಓಯ್ತು ನಿಂದು ಅಂತಾರೆ. ಅವ್ರಿಗೆ ಹುಳಾನೂ ಕಾಣಾಕಿಲ್ಲ, ನಾನೂ ಕಾಣಾಕಿಲ್ಲ."

ಹುಳ ಮೇವು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಒಂದು ವಾರ ಹಗಲಿರುಳು ತಿಂದು, ಆಮೇಲೆ ಹಣ್ಣಾಗುತ್ತವೆ. ಹಣ್ಣಾದ ಹುಳದ ಮೈ ಗಾಜಿನಂತೆ ಹೊಳೆಯುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಎಂದರೆ ಸುರುಳಿ ಸುರುಳಿಯಾಗಿ ದಬ್ಬೆ ಸುತ್ತಿದ ದೊಡ್ಡ ಬಿದಿರ ತಟ್ಟೆಗೆ, ಬಿಡಬೇಕು. ಅಲ್ಲಿ ಗೂಡು ಕಟ್ಟುತ್ತವೆ. ಬಿಡುವವರಿಲ್ಲದಿದ್ದರೆ ಹುಳ ಕಾಯುವುದಿಲ್ಲ. ಇದನ್ನೆಲ್ಲ ಅವರೇ ಹೇಳಿದ್ದು. ನಾನು ರಾಮನಗರದಲ್ಲೇ ಹುಟ್ಟಿದವನು, ಗೂಡಿನ ಮಾರುಕಟ್ಟೆಯ ಪಕ್ಕದಲ್ಲೇ ಓಡಾಡಿದವನು, ಆದರೂ ಹುಳ ಕಾಯುವುದಿಲ್ಲ ಎನ್ನುವುದು ಗೊತ್ತಿರಲಿಲ್ಲ.

ಹತ್ತಿರಕ್ಕೂ ದೂರಕ್ಕೂ ಆಗುವಂಥ ಎರಡು ಪಾಲಿನ ಕನ್ನಡಕ ಕೊಟ್ಟೆ. ಮಾತಿನ ನಡುವೆ, ಹುಳದ ಮನೆಯಲ್ಲಿ ಶಾಖಕ್ಕೊಂದು ತೇವಕ್ಕೊಂದು ಎರಡು ಥರ್ಮಾಮೀಟರು ಇವೆಯೆಂದೂ, ದಿನಕ್ಕೆ ಮೂರು ಹೊತ್ತು ನೋಡಿ ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಬರೆದಿಡುವೆನೆಂದೂ ಹೇಳಿದರು. ನನ್ನ ಕಿವಿ ನೆಟ್ಟಗಾಯಿತು. ಕೈಲಾಂಚದ ಕಡೆ ನಮಗೆ ಜಾಡಿ ಇರಲಿಲ್ಲ. ಮನೆಗೆ ತಾರಸಿ ಇದೆಯೇ, ಮೇಲೆ ಮರದ ಕೊಂಬೆ ಇಲ್ಲವಷ್ಟೇ ಎಂದು ಕೇಳಿದೆ. ಮುಂದಿನ ಭಾನುವಾರ ನಾನೇ ಹೋಗಿ ತಾರಸಿಯ ಮೂಲೆಯಲ್ಲಿ ಜಾಡಿ ಕಟ್ಟಿ ಬಂದೆ. ತಾರಸಿಗೆ ಹೊರಗಿನಿಂದ ಹತ್ತು ಹನ್ನೆರಡು ಕಲ್ಲಿನ ಮೆಟ್ಟಿಲು. ಕೈಹಿಡಿ ಇರಲಿಲ್ಲ. ಅದು ಆವತ್ತೇ ಕಣ್ಣಿಗೆ ಬಿದ್ದಿತ್ತೇ? ಬಿದ್ದಿರಲೇಬೇಕು. ನಾಲ್ಕು ಸಲ ಹತ್ತಿ ಇಳಿದಿದ್ದೆ.

"ಎಲ್ಡು ಕಡ್ಡಿ ನೋಡ್ತೀನಿ, ಇದು ಮೂರ್ನೇದು ಅನ್ಕತೀನಿ ಬುಡಿ" ಎಂದು ನಕ್ಕರು.

ಗುಂಪಿಗೆ ಸೇರಿಕೊಳ್ಳಿ ಎಂದೆ. "ಅಷ್ಟೊಂದು ಗಂಡಸ್ರ ಮುಂದೆ ಎಂಗಣ್ಣ ಮಾತಾಡಾದು" ಎಂದರು. ಹಾಗಾಗಿ ದಿನಾ ಎಂಟೂವರೆಗೆ ನನಗೊಬ್ಬನಿಗೇ ದನಿ ಸಂದೇಶ ಕಳಿಸುತ್ತಿದ್ದರು. ಅಂಕಿಯನ್ನು ನಾನು ಗುಂಪಿಗೆ ಹಾಕುತ್ತಿದ್ದೆ. "ಇವತ್ತು ಏನೂ ಇಲ್ಲ ಕಣಣ್ಣ, ಇಬ್ಬನಿ ಅಷ್ಟೇ." "ಆರೂವರೆ ಅಣ್ಣ, ಒಂದು ಇರುವೆ ಬಿದ್ದು ಸತ್ತಿತ್ತು, ಅದುನ್ನ ತೆಗ್ದು ಅಳ್ದೆ." ಹಿಂದೆ ಹಸುವಿನ ಕೂಗು, ಗಂಡನ ಕೆಮ್ಮು. ಹುಳ ಸೊಪ್ಪು ತಿನ್ನುವ ಸದ್ದೂ ಕೇಳುತ್ತಿತ್ತು ಎಂದು ಒಂದು ಕಾಲದಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೇನೆ, ಸಣ್ಣ ಮಳೆ ಬಿದ್ದ ಹಾಗೆ ಎಂದು. ತಾರಸಿಯ ಮೇಲೆ ನಿಂತು ಮಾತಾಡುವವರ ಫೋನಿನಲ್ಲಿ ಕೆಳಗಿನ ಹುಳದ ಸದ್ದು ಹೇಗೆ ಕೇಳೀತು? ಚೆಂದವಾಗಿದೆಯೆಂದು ಹೇಳುತ್ತಿದ್ದೆ, ಅಷ್ಟೇ. ನೆನಪಿಗೆ ಚೆಂದ ಬಂದ ಕಡೆಯಲ್ಲೆಲ್ಲ ಈಗ ನನಗೆ ಗುಮಾನಿ.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನವೂ ತಪ್ಪಲಿಲ್ಲ. ನಾವು ನಾಲ್ವರೂ ಆಗಾಗ ತಪ್ಪಿಸುತ್ತಿದ್ದೆವು.

ಆಮೇಲೆ ಆ ಕಾರ್ತಿಕ. ಕೊಲ್ಲಿಯಲ್ಲೊಂದು ಚಂಡಮಾರುತ ಎದ್ದಿತು. ಅದಕ್ಕೊಂದು ಹೆಸರಿಟ್ಟಿದ್ದರು. ಅಕ್ಕನ ಹೆಸರನ್ನೇ ಬರೆಯದಿರುವಾಗ ಅದರದ್ದು ಯಾಕೆ. ಅದು ಚೆನ್ನೈ ಕಡೆ ನೆಲ ಮುಟ್ಟಿ, ಸೊರಗಿ, ನಮ್ಮ ಮೇಲೆ ಬರುತ್ತದೋ ಅಥವಾ ಆಂಧ್ರದ ಕಡೆ ತಿರುಗುತ್ತದೋ ಎನ್ನುವುದು ಜಗಳ. ಚನ್ನಪಟ್ಟಣದವನೂ ಮಾಗಡಿಯವನೂ ಅಂಗಡಿಗೇ ಬಂದು ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನಕ್ಷೆ.

"ಯುರೋಪು ನೋಡ್ಲಾ, ಬೆಳಿಗ್ಗೆಯಿಂದ ಎಡಕ್ಕೆ ತಿರುಗುಸ್ತಾ ಅವ್ನೆ. ನಮ್ಮ ನೆತ್ತಿ ಮ್ಯಾಲೇ ಬತ್ತದೆ" ಎಂದ ಚನ್ನಪಟ್ಟಣದವನು.

"ನಿಮ್ಮ ಯುರೋಪು ಹೋದ್ಸಲನೂ ಹಿಂಗೇ ಬೊಗಳೆ ಬುಟ್ಟಿತ್ತು. ಕೊಡೆ ಹಿಡ್ಕಂಡು ಬಸ್‌ಸ್ಟ್ಯಾಂಡಲ್ಲಿ ನಿಂತಿದ್ದೋನು ನೀನೇ ತಾನೆ? ಬಿಸ್ಲಿಗೆ ಹಿಡ್ಕಂಡಿದ್ದೆ."

"ನಿಂಗೇನ್ಲಾ ಗೊತ್ತು ಮಳೆ. ಮಾಗಡಿಗೆ ಬೀಳಾದು ಮೂರು ಹನಿ. ಬನ್ನು ಬೇಯ್ಸೋಗು."

ಆಗ ಅಕ್ಕ ಬಂದರು. ಕನ್ನಡಕದ ಕಾಲು ಸಡಿಲವಾಗಿತ್ತು. ನಾನು ತಿರುಪು ಬಿಗಿಯುತ್ತಿದ್ದಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತು ಇವರಿಬ್ಬರ ಮಾತನ್ನು ಕೇಳಿಸಿಕೊಂಡರು. ಆಮೇಲೆ ತುಂಬಾ ಸಲೀಸಾಗಿ ಕೇಳಿದರು:

"ಅಲ್ಲ ಕಣ್ರಣ್ಣ, ನೀವು ಅದು ಬರ್ಲಿ ಅಂತೀರೋ, ಬ್ಯಾಡ ಅಂತೀರೋ?"

ನಮಗೆ ಬರಬೇಕಿತ್ತು. ಯುರೋಪಿನವನಿಗೂ ಬರಬೇಕಿತ್ತು, ಬರುವುದಿಲ್ಲ ಎಂದು ವಾದಿಸುತ್ತಿದ್ದ ಅಮೆರಿಕದವನಿಗೂ ಒಳಗೊಳಗೆ ಬರಬೇಕಿತ್ತು. ಅದನ್ನು ಅವರ ಮುಖ ನೋಡಿ ಹೇಳಲಾಗಲಿಲ್ಲ. ಅವರ ಹುಳ ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು, ಹೊಟ್ಟೆಬಾಕತನದ ವಾರ. ಒದ್ದೆ ಸೊಪ್ಪು ಹಾಕಿದರೆ ರೋಗ, ಥಂಡಿ ಹಿಡಿದರೆ ಮೈಗೆಲ್ಲ ಸುಣ್ಣ ಕಟ್ಟಿ ಸಾಯುತ್ತವೆ. "ಯಾವೊತ್ತು ಬತ್ತದೆ ಅಂತ ಸರಿಯಾಗಿ ಏಳ್ಬುಡಿ, ಒಣಸೊಪ್ಪು ಕುಯ್ದು ಮಡಿಕತೀನಿ" ಎಂದರು. ಗುರುವಾರ ಸಂಜೆಯಿಂದ ಎಂದು ಹೇಳಿದೆ.

ನಮ್ಮ ಜೀವಮಾನದಲ್ಲಿ ನಾವು ಹೇಳಿದ್ದು ಅಷ್ಟು ಸರಿಯಾದದ್ದು ಅದೊಂದೇ ಸಲ. ಗುರುವಾರ ಸಂಜೆಯೇ ಬಂತು. ಅಷ್ಟರಲ್ಲಿ ಅವರು ಎರಡು ದಿನಕ್ಕಾಗುವಷ್ಟು ಸೊಪ್ಪು ಕೊಯ್ದು, ಒಳಗೆ ಪೇರಿಸಿ, ಗೋಣಿ ಹೊದಿಸಿ, ಹುಳದ ಮನೆಯ ಕಿಟಕಿಗಳಿಗೆ ಪರದೆ ಬಿಗಿದು ತಯಾರಾಗಿದ್ದರು. ಹುಳಕ್ಕೆ ಏನೂ ಆಗಲಿಲ್ಲ. ನಾನು ಹೇಳಿದ ದಿನ ಸರಿಯಾಗಿತ್ತು, ಅವರು ಮಾಡಿದ ಕೆಲಸ ಸರಿಯಾಗಿತ್ತು.

ಶುಕ್ರವಾರ ಬೆಳಕು ಹರಿಯುವಾಗ ಮಳೆ ಇನ್ನೂ ಸುರಿಯುತ್ತಲೇ ಇತ್ತು. ಗುಂಪಿನಲ್ಲಿ ಯಾರೂ ನಿದ್ದೆ ಮಾಡಿದಂತಿರಲಿಲ್ಲ. ನನಗೊಂದೇ ಚಿಂತೆ. ಜಾಡಿ ತುಂಬಿ ಹೊರಚೆಲ್ಲಿದರೆ ಕೈಲಾಂಚದ ಅಂಕಿ ಹೋಯಿತು. ಆರು ಗಂಟೆಗೆ ಫೋನು ಮಾಡಿ, ಒಂದು ಸಲ ಅಳೆದು, ನೀರು ಸುರಿದು, ಮತ್ತೆ ಇಡಿ ಎಂದೆ. ಇಟ್ಟರು. ಎಂಟು ಗಂಟೆಗೆ ಮತ್ತೆ ಮಾಡಿದೆ.

ಈ ಎರಡನೇ ಕರೆ. ಇದನ್ನು ಬರೆಯಲೆಂದೇ ಉಳಿದದ್ದನ್ನೆಲ್ಲ ಬರೆದೆ, ಆದರೆ ಇಲ್ಲಿಗೆ ಬಂದರೆ ನನ್ನ ಬಳಿ ಇರುವುದು ಎರಡು ನೆನಪು. ಒಂದರಲ್ಲಿ ಅಕ್ಕ, "ಒಸಿ ಮಳೆ ನಿಲ್ಲಲಿ ಅಣ್ಣ, ಮೆಟ್ಲು ಜಾರ್ತವೆ" ಎನ್ನುತ್ತಾರೆ. ನಾನು, ಹುಷಾರಕ್ಕ, ನಿಂತ ಮೇಲೆ ನೋಡಿದರಾಯಿತು ಎನ್ನುತ್ತೇನೆ. ಇನ್ನೊಂದರಲ್ಲಿ ಅವರು ಅದೇ ಮಾತನ್ನು ಹೇಳುತ್ತಾರೆ. ನಾನು, ಎಂಟೂವರೆಗೇ ಆಗಬೇಕಕ್ಕ, ಇಲ್ಲದಿದ್ದರೆ ಲೆಕ್ಕಕ್ಕೆ ಬರಲ್ಲ ಎನ್ನುತ್ತೇನೆ. ಮೊದಲನೆಯದು ನನಗೆ ಬಹಳ ದಿನ ಸ್ಪಷ್ಟವಾಗಿ, ನನ್ನ ದನಿಯ ಸಮೇತ ನೆನಪಿತ್ತು. ಆದರೆ ಅವರು ಎಂಟೂವರೆಗೇ ಹತ್ತಿದರು. ಅಂದಮೇಲೆ ನಾನು ಹೇಳಿದ್ದು ಎರಡನೆಯದೇ.

ಎಂಟು ಮೂವತ್ತೆಂಟಕ್ಕೆ ದನಿ ಸಂದೇಶ ಬಂತು. ಎಂಟು ನಿಮಿಷ ತಡ, ನನ್ನ ತಲೆಗೆ ಮೊದಲು ಹೊಳೆದದ್ದು ಅದು. ಹನ್ನೊಂದು ಸೆಕೆಂಡಿನ ಸಂದೇಶ. ಒಂದು ಅಂಕಿ ಹೇಳಿದರು. ದೊಡ್ಡ ಅಂಕಿ, ನಮ್ಮ ಗುಂಪು ಕಂಡರಿಯದ ಅಂಕಿ. ಇಲ್ಲಿ ಬರೆಯುವುದಿಲ್ಲ. ಆಮೇಲೆ, "ಒಸಿ ಚೆಲ್ಲೋಯ್ತು ಅಣ್ಣ, ಸರಿಯಾಗಿ ಬರ್ಕಬ್ಯಾಡಿ" ಎಂದರು. ಎಂದರೆಂದು ಈಗ ಅಂದುಕೊಂಡಿದ್ದೇನೆ.

ನಾನು ತಿರುಗಿ ಬರೆದೆ: ಎಷ್ಟು ಚೆಲ್ತು?

ಉತ್ತರ ಬರಲಿಲ್ಲ. ಎರಡು ನಿಮಿಷ ಕಾದು ಆ ಅಂಕಿಯನ್ನು ಗುಂಪಿಗೆ ಹಾಕಿದೆ, ಹಿಂದೆ 'ಕನಿಷ್ಠ' ಎಂದು ಸೇರಿಸಿ. ಚಪ್ಪಾಳೆಗಳ ಚಿತ್ರ ಸುರಿದವು. ಚನ್ನಪಟ್ಟಣದವನು, "ಕೈಲಾಂಚ ಗೆದ್ಬುಡ್ತು ಕಣ್ರಪ್ಪೋ, ಅಕ್ಕಂಗೊಂದು ಹಾರ ತನ್ನಿ" ಎಂದು ಬರೆದ. ನಾನೂ ಒಂದು ಚಪ್ಪಾಳೆ ಹಾಕಿದೆ. ಅದು ಇನ್ನೂ ಅಲ್ಲೇ ಇದೆ.

ಅವರು ಮೆಟ್ಟಿಲಿನಿಂದ ಬಿದ್ದಿದ್ದರು.

ಅಕ್ಕನ ಯಜಮಾನರು ಹಾಲು ತೆಗೆದುಕೊಂಡು ಡೈರಿಗೆ ಹೋದವರು ಹಳ್ಳದ ಆಚೆ ಸಿಕ್ಕಿಕೊಂಡಿದ್ದರು, ನೀರು ಸೇತುವೆಯ ಮೇಲೆ ಹರಿಯುತ್ತಿತ್ತು. ದಾಟಿ ಬರುವ ಹೊತ್ತಿಗೆ ಹನ್ನೊಂದೂವರೆ. ಅಂಗಳದಲ್ಲಿ, ಮೆಟ್ಟಿಲಿನ ಬುಡದಲ್ಲಿ, ಅಕ್ಕ ಮಳೆಯಲ್ಲೇ ಬಿದ್ದಿದ್ದರು. ಪ್ರಜ್ಞೆ ಇರಲಿಲ್ಲ. ಪಕ್ಕದಲ್ಲಿ ಜಾಡಿ, ನೀರಿನಲ್ಲಿ ಮುಳುಗಿ ಸತ್ತ ಫೋನು. ರಾಮನಗರಕ್ಕೆ ತಂದು, ಅಲ್ಲಿಂದ ಬೆಂಗಳೂರಿಗೆ ಒಯ್ದರು. ಒಂಬತ್ತು ದಿನ ಇದ್ದರು. ಒಮ್ಮೆಯೂ ಕಣ್ಣು ಬಿಡಲಿಲ್ಲ.

ಜಾಡಿಯನ್ನು ಯಾಕೆ ಕೆಳಗೆ ತಂದರು? ದಿನಾ ಮೇಲೆಯೇ ಓದುತ್ತಿದ್ದರು. ಬಹುಶಃ ಕನ್ನಡಕದ ಮೇಲೆ ನೀರು ಸುರಿದು ಗೆರೆ ಕಾಣಲಿಲ್ಲ, ಸೂರಿನ ಕೆಳಗೆ ಒರೆಸಿಕೊಂಡು ಓದೋಣವೆಂದು ಬಿಚ್ಚಿ ತಂದರು. ಎರಡು ಪಾಲಿನ ಕನ್ನಡಕದಲ್ಲಿ ಕೆಳಗಿನ ಪಾಲು ಹತ್ತಿರದ್ದು. ಇಳಿಯುವಾಗ ಅದರಲ್ಲಿ ಕಣ್ಣು ಹಾಯಿಸಿದರೆ ಮೆಟ್ಟಿಲು ಕಲಸಿಹೋಗುತ್ತದೆ. ಕೊಳ್ಳುವವರಿಗೆಲ್ಲ ನಾನು ಇದನ್ನು ಹೇಳಿಯೇ ಕೊಡುತ್ತೇನೆ, ಮೆಟ್ಟಿಲು ಇಳಿಯುವಾಗ ಗದ್ದ ಎದೆಗೆ ತಾಗಿಸಿ ಮೇಲಿನ ಪಾಲಿನಲ್ಲಿ ನೋಡಿ ಎಂದು. ಆವತ್ತು ಹುಳದ ಜ್ವರದ ಮಾತಿನಲ್ಲಿ, ಥರ್ಮಾಮೀಟರಿನ ಮಾತಿನಲ್ಲಿ, ತಾರಸಿ ಇದೆಯೇ ಎಂದು ಕೇಳುವ ಆತುರದಲ್ಲಿ, ಹೇಳಿದೆನೋ ಇಲ್ಲವೋ... ಎಷ್ಟು ಕೆದಕಿದರೂ ಅಲ್ಲಿ ಏನೂ ಸಿಗುತ್ತಿಲ್ಲ.

ತಿಥಿ ಮುಗಿದ ಮೇಲೆ ಯಜಮಾನರು ಅಂಗಡಿಗೆ ಬಂದರು. ತಲೆ ಬೋಳಿಸಿದ್ದರು. ಗಿರಾಕಿಗಳು ಹೋಗುವವರೆಗೆ ಬಾಗಿಲ ಬಳಿಯೇ ನಿಂತಿದ್ದು, ಆಮೇಲೆ ಚೀಲದಿಂದ ಜಾಡಿ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟರು. ಅದರ ಬಾಯಿಯ ಆಲಿಕೆ ಬಿದ್ದ ಏಟಿಗೆ ಮುರಿದುಹೋಗಿತ್ತು.

"ನಿಮ್ಮ ಸಾಮಾನು. ಯಾರೋ ಒಳೀಕ್ ತಂದು ಹುಳದ ಮನೇಲಿ ಮಡಗವ್ರೆ. ಅದ್ರೊಳ್ಗೂ ಒಂದು ಹುಳ ಗೂಡು ಕಟ್ಬುಟ್ಟದೆ, ಕಿತ್ರೂ ಬರ್ತಾ ಇಲ್ಲ."

ಅಕ್ಕ ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಊರವರು ಬಂದು ಕೈಲಾದಷ್ಟು ಆರಿಸಿ ಚಂದ್ರಿಕೆಗೆ ಬಿಟ್ಟರಂತೆ, ಆದರೆ ಅವರವರ ಮನೆಯ ಹುಳವೂ ಆವತ್ತೇ ಹಣ್ಣು. ಉಳಿದವು ತಟ್ಟೆಯಿಂದಿಳಿದು ನಡೆದವು. ಗೋಡೆಯ ಮೇಲೆ, ತೊಲೆಯ ಸಂದಿನಲ್ಲಿ, ಕ್ಯಾಲೆಂಡರಿನ ಹಿಂದೆ, ಮಡಿಸಿಟ್ಟ ಸೀರೆಗಳ ನಡುವೆ ಗೂಡು ಕಟ್ಟಿದವು. "ಬಾಗ್ಲು ತೆಗೀತೀನಿ, ಮನೆಯೆಲ್ಲಾ ಬೆಳ್ಳಗೆ" ಎಂದರು ಯಜಮಾನರು. "ಅವ್ಳಿದ್ದಿದ್ರೆ ಒಂದು ಹುಳಾನೂ ಆಚೀಚೆ ಓಗಾಕೆ ಬುಡ್ತಿರಲಿಲ್ಲ."

ಆಮೇಲೆ, ಬಂದ ಕೆಲಸ ಅದೇ ಎನ್ನುವ ಹಾಗೆ, ಗಾಜಿನ ಮೇಲೆ ಎರಡೂ ಕೈ ಊರಿ ಕೇಳಿದರು: "ದಿನಾ ನಿಮ್ಗೆ ಫೋನಲ್ಲಿ ಮಾತಾಡಿ ಕಳುಸ್ತಿದ್ಲಲ್ಲ. ಆವತ್ತಿಂದು ಐತಾ ಅಣ್ಣ? ಅವ್ಳ ಫೋನು ಓಯ್ತು. ಬೀಳಾಕ್ ಮುಂಚೆ ಏಳುದ್ಲಾ, ಬಿದ್ಮ್ಯಾಲ್ ಏಳುದ್ಲಾ, ಅದೊಂದು ಗೊತ್ತಾಗ್ಬೇಕು ನಂಗೆ. ದನಿ ಕೇಳುದ್ರೆ ತಿಳೀತದೆ."

ಅದು ನನ್ನ ಜೇಬಿನಲ್ಲಿತ್ತು. ಅದರ ಕೆಳಗೆ ನಾನು ಬರೆದ ಎರಡು ಪದವೂ ಇತ್ತು.

"ಇಲ್ಲ" ಎಂದೆ. "ಅಳಿಸಿಹೋಗಿದೆ."

"ಓಗ್ಲಿ ಬುಡಿ" ಎಂದರು. ಅಷ್ಟೇ. ಒಂದು ಗುಮಾನಿಯಿಲ್ಲ, ಒಂದು ಪ್ರಶ್ನೆಯಿಲ್ಲ. ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದರು.

ಆಮೇಲೆ ಮೂರು ವರ್ಷ ನಾನು ಆ ಸಂದೇಶವನ್ನು ಒತ್ತಲಿಲ್ಲ. ಇದೆ ಎಂದು ಗೊತ್ತಿತ್ತು. ಇರಲಿ ಎಂದುಕೊಂಡೆ. ಯಜಮಾನರು ಕೇಳಿದ್ದ ಪ್ರಶ್ನೆಗೆ ಉತ್ತರ ಆ ಹನ್ನೊಂದು ಸೆಕೆಂಡಿನಲ್ಲಿತ್ತು. ಬಿದ್ದ ಮೇಲೆ ಹೇಳಿದ್ದಾದರೆ, ನಾನು 'ಎಷ್ಟು' ಎನ್ನುವ ಬದಲು 'ಹೇಗೆ' ಎಂದು ಕೇಳಿದ್ದರೆ, ಒಂದು ಫೋನು ಮಾಡಿದ್ದರೆ, ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿಸಿದ್ದರೆ, ಮೂರು ಗಂಟೆ ಅಕ್ಕ ಮಳೆಯಲ್ಲಿ ಬಿದ್ದಿರಬೇಕಾಗಿರಲಿಲ್ಲ. ಹೇಳಿ, ಜಾಡಿಯನ್ನು ಮರಳಿ ಕಟ್ಟಲು ಹತ್ತುವಾಗ ಬಿದ್ದದ್ದಾದರೆ, ಅದು ಬೇರೆ. ಆ ಎರಡರ ನಡುವೆ ನಾನು ಮೂರು ವರ್ಷ ಆರಾಮವಾಗಿ ಇದ್ದೆ. ನಡುವೆ ಹಳೆಯ ಫೋನಿನ ಪರದೆ ಹೋಯಿತು. ರಿಪೇರಿಯವನು ಎಲ್ಲವನ್ನೂ ಹೊಸದಕ್ಕೆ ದಾಟಿಸಿಕೊಟ್ಟ. ಎಲ್ಲ ಬಂದಿದೆ ನೋಡಿಕೊಳ್ಳಿ ಸಾರ್ ಎಂದ. ನೋಡಿಕೊಳ್ಳಲಿಲ್ಲ.

ಈ ಸೋಮವಾರ ಜಾಡಿ ಕೈಯಲ್ಲಿ ಹಿಡಿದು ಕೂತಿದ್ದಾಗ, ಸಾಕು, ಈ ಸಲದ ಮಳೆ ಬರುವ ಮೊದಲು ಕೈಲಾಂಚಕ್ಕೆ ಹೋಗಿ ಯಜಮಾನರಿಗೆ ಕೇಳಿಸಿಬಿಡೋಣ ಎಂದು ತೀರ್ಮಾನಿಸಿದೆ. ಅದಕ್ಕೂ ಮೊದಲು ನಾನೊಬ್ಬನೇ ಒಮ್ಮೆ ಕೇಳೋಣವೆಂದು ಒತ್ತಿದೆ. ತೆರೆಯಲಿಲ್ಲ. ಮತ್ತೆ ಒತ್ತಿದೆ. ಈ ದನಿ ಸಂದೇಶ ಈಗ ಲಭ್ಯವಿಲ್ಲ, ಮತ್ತೆ ಕಳುಹಿಸುವಂತೆ ಕಳುಹಿಸಿದವರನ್ನು ಕೇಳಿ ಎಂದು ಬಂತು.

ಎರಡು ವರ್ಷದ ದನಿಗಳು, ಇಬ್ಬನಿ, ಇರುವೆ, ಎಲ್ಲವೂ ಹಾಗೇ. ಖಾಲಿ ಪಟ್ಟಿಗಳು. ನಾನು ಬರೆದದ್ದು ಮಾತ್ರ ಒಂದಕ್ಷರವೂ ಕೆಡದೆ ಬಂದಿದೆ. ಅಕ್ಕ ಏನೋ ಚೆಲ್ಲಿತು ಎಂದು ಹೇಳಿದ್ದರು ಎನ್ನುವುದಕ್ಕೆ ಈಗ ಉಳಿದಿರುವ ಸಾಕ್ಷಿ ನನ್ನ ಆ ಪ್ರಶ್ನೆಯೊಂದೇ. ಅದರ ಪಕ್ಕದಲ್ಲಿ ಒಂದೇ ಒಂದು ಬೂದು ಟಿಕ್ಕು. ಎರಡನೆಯದು ಬಿದ್ದಿಲ್ಲ. ಅದು ಅವರನ್ನು ತಲುಪುವ ಮೊದಲೇ ಫೋನು ಸತ್ತಿತ್ತು. ಇದನ್ನು ಸಮಾಧಾನ ಎಂದುಕೊಳ್ಳಲು ಸ್ವಲ್ಪ ಹೊತ್ತು ಪ್ರಯತ್ನಪಟ್ಟೆ.

ಆದರೂ ಹೋದೆ. ಮಂಗಳವಾರ ಮಧ್ಯಾಹ್ನ, ಮೋಡ ಆಗಲೇ ಬೆಟ್ಟದ ತಲೆಗೆ ಇಳಿದಿತ್ತು. ಯಜಮಾನರು ಕೊಟ್ಟಿಗೆಯ ಮುಂದೆ ಮೇವು ಕತ್ತರಿಸುತ್ತಿದ್ದರು. ಹುಳ ಸಾಕುವುದನ್ನು ಬಿಟ್ಟಿದ್ದಾರೆ. ತೆರೆದ ಬಾಗಿಲಿನಿಂದ ಖಾಲಿ ಅಟ್ಟಣೆ ಕಾಣುತ್ತಿತ್ತು, ಮೇಲಿನ ತೊಲೆಯ ಸಂದಿನಲ್ಲಿ ಎರಡು ಗೂಡು, ಹಳದಿಗೆ ತಿರುಗಿದ್ದವು. ಮೆಟ್ಟಿಲಿಗೆ ಈಗ ಕಬ್ಬಿಣದ ಕೈಹಿಡಿ ಇದೆ.

"ಏನಣ್ಣ ಈ ಕಡೀಕೆ? ಮಳೆ ನೋಡಾಕಾ?" ಎಂದರು.

ನಿಂತೇ ಹೇಳಿದೆ. ಆವತ್ತು ನೀವು ಬಂದಾಗ ಸಂದೇಶ ಇತ್ತು, ಇಲ್ಲವೆಂದು ಸುಳ್ಳು ಹೇಳಿದೆ ಎಂದೆ. ಅವರ ಕೈ ನಿಲ್ಲಲಿಲ್ಲ. ಕುಡುಗೋಲು ಒಂದು ಹಿಡಿ ಕತ್ತರಿಸಿತು, ಇನ್ನೊಂದು ಹಿಡಿ ಕತ್ತರಿಸಿತು.

"ಈಗ ಐತಾ?"

"ಇಲ್ಲ. ಈಗ ನಿಜವಾಗಿ ಇಲ್ಲ."

"ಏನಂದಿದ್ಲು?"

ಹೇಳಿದೆ. ಅಂಕಿಯನ್ನೂ ಹೇಳಿದೆ. ಒಸಿ ಚೆಲ್ಲೋಯ್ತು ಅಣ್ಣ, ಸರಿಯಾಗಿ ಬರ್ಕಬ್ಯಾಡಿ. ಅಕ್ಕನ ಮಾತು ನನ್ನ ಬಾಯಲ್ಲಿ ಕೆಟ್ಟದಾಗಿ ಕೇಳಿಸಿತು. ಯಜಮಾನರು ಕುಡುಗೋಲು ಕೆಳಗಿಟ್ಟರು. ಮೊದಲ ಸಲ ನನ್ನ ಮುಖ ನೋಡಿದರು.

"ನೋವಿತ್ತಾ ದನೀಲಿ?"

ಹೂಂ ಎನ್ನಬಹುದಿತ್ತು. ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಆ ಮನುಷ್ಯನಿಗೆ ಒಂದು ರಾತ್ರಿಯ ನಿದ್ದೆಯಾದರೂ ಸಿಗುತ್ತಿತ್ತೇನೋ. ನಾನು ಕಣ್ಣು ಮುಚ್ಚಿ ಆ ಹನ್ನೊಂದು ಸೆಕೆಂಡನ್ನು ಕೇಳಿಸಿಕೊಳ್ಳಲು ನೋಡಿದೆ. ಪದಗಳು ಸಿಕ್ಕವು. ಏದುಸಿರು ಇತ್ತೇ, ನಡುಕ ಇತ್ತೇ, ಮಳೆಯ ಸದ್ದು ಹತ್ತಿರವಿತ್ತೇ ದೂರವಿತ್ತೇ... ಅಲ್ಲಿ ದನಿಯೇ ಇರಲಿಲ್ಲ.

"ಗೊತ್ತಿಲ್ಲ" ಎಂದೆ.

"ಕೇಳುಸ್ಕಂಡ್ರಲ್ಲ?"

"ಅಂಕಿ ಬರ್ಕೊಂಡೆ."

ಈ ಸಲ ಅವರು ಓಗ್ಲಿ ಬುಡಿ ಎನ್ನಲಿಲ್ಲ. ಮೇವನ್ನು ಬಾಚಿ ಹಸುವಿನ ಮುಂದೆ ಹಾಕಿದರು, ಕ್ಯಾನು ತೊಳೆದರು, ಡೈರಿಗೆ ಹೊತ್ತಾಯ್ತು ಎಂದು ನನಗಲ್ಲ ಹಸುವಿಗೆ ಹೇಳಿದ ಹಾಗೆ ಹೇಳಿದರು. ನಾನು ಬಸ್ಸಿಗೆ ನಡೆದೆ.

ಮಳೆ ನಿನ್ನೆ ಸಂಜೆ ಬಂತು. ಯುರೋಪು ಹೇಳಿದ್ದಕ್ಕಿಂತ ಮೊದಲು, ಅಮೆರಿಕ ಹೇಳಿದ್ದಕ್ಕಿಂತ ಹೆಚ್ಚು. ಇವತ್ತು ಬೆಳಿಗ್ಗೆ ಎಂಟೂವರೆಗೆ ಮಾಗಡಿ ಅಂಕಿ ಹಾಕಿತು, ಚನ್ನಪಟ್ಟಣ ಹಾಕಿತು, ಕನಕಪುರ ಹಾಕಿತು. ರಾಮನಗರ ಎಷ್ಟು ಎಂದು ಕೇಳಿದರು. ನಾನು ನನ್ನ ಜಾಡಿಯನ್ನು ಅಳೆಯಲು ಹೋಗದೆ ಅಂಗಡಿಯ ಅರ್ಧ ಎತ್ತಿದ ಷಟರಿನ ಕೆಳಗೆ ಕೂತು, ಚರಂಡಿ ತುಂಬಿ ರಸ್ತೆಗೆ ಬರುವುದನ್ನು ನೋಡುತ್ತಿದ್ದೆ. ಮತ್ತೆ ಕೇಳಿದರು.

"ಜಾಡಿ ಒಡ್ದೋಯ್ತೇನ್ಲಾ? ಹೊಸದೊಂದು ತರುಸ್ಕೊ" ಎಂದು ಮಾಗಡಿಯವನು ಬರೆದ.

ಒಡೆದಿಲ್ಲ ಎಂದು ಬರೆದು ಕಳಿಸಿದೆ. ಕೈ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಎರಡು ಟಿಕ್ಕು ಬಿದ್ದವು.